ಗುದ್ದಲಿಯಲ್ಲಿ ಬೆಳೆದ ರಾಗಿ

ಕಾಡಿನ ಒಂದು ತುಂಡು ಸವರಿ, ಸುಟ್ಟು, ಎರಡು ಮೂರು ವರ್ಷ ಬೆಳೆ ತೆಗೆದು, ಆಮೇಲೆ ಜಾಗ ಬಿಡುವ ಬೇಸಾಯ ಇದು. ಉತ್ತರ ಕನ್ನಡದ ಕಡೆ ಇದಕ್ಕೆ ಕುಮರಿ ಅಂತಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಾದ ನಮಗೆ ಇದು ಕೊತ್ತುಕಾಡು. ನೇಗಿಲಿಲ್ಲ, ಎತ್ತಿಲ್ಲ, ಗುದ್ದಲಿಯೊಂದೇ. 1974ರಲ್ಲಿ ಬೆಟ್ಟ ಅಭಯಾರಣ್ಯ ಆಗುವ ತನಕ ಅಪ್ಪನ ಜೊತೆ ನಾನೂ ಐದಾರು ವರ್ಷ ಮಾಡಿದ್ದೇನೆ.

ಚಳಿ ಮುಗಿಯುವ ಹೊತ್ತಿಗೆ ಗಿಡಗಂಟಿ ಸವರುತ್ತಿದ್ದೆವು. ನೆಲ್ಲಿ ಮುಟ್ಟುವಂತಿಲ್ಲ, ಹೆಜ್ಜೇನು ಕಟ್ಟುವ ಮರವನ್ನಂತೂ ಕೇಳಲೇಬೇಡಿ. ಉಳಿದದ್ದನ್ನು ಸೊಂಟದ ಎತ್ತರಕ್ಕೆ ಕಡಿಯಬೇಕು. ಬುಡಕ್ಕೇ ಮಚ್ಚು ಹಾಕಿದ್ದಕ್ಕೆ ಅಪ್ಪ ಒಮ್ಮೆ ಬೈದರು: "ನಾಳೆ ಅದು ಚಿಗುರೋದು ಬೇಡ್ವೇನೋ?"

ಬಿಸಿಲಿಗೆ ಸೊಪ್ಪು ಒಣಗಿ ಗರಗರ ಅಂದ ಮೇಲೆ ಬೆಂಕಿ. ಮೊದಲು ಸುತ್ತ ತರಗು ಗುಡಿಸಿ, ಬರಿ ನೆಲ ಕಾಣುವಂತೆ ದಾರಿ ಬಿಡುತ್ತಿದ್ದೆವು. ಗಾಳಿ ನಿಂತ ಸಂಜೆ, ಇಳಿಜಾರಿನ ಮೇಲಿನ ತುದಿಯಲ್ಲಿ ಹಚ್ಚಬೇಕು. ಕೆಳಗೆ ಹಚ್ಚಿದರೆ ಬೆಂಕಿ ಮೇಲಕ್ಕೆ ಓಡುತ್ತದೆ, ಹಿಡಿಯಲಾಗದು. ಮೇಲಿಂದ ಹಚ್ಚಿದರೆ ಮೆಲ್ಲಗೆ ಇಳಿಯುತ್ತದೆ. ಜನ ಸುಮ್ನೆ 'ಕಾಡು ಸುಡುವವರು' ಅಂದುಬಿಡುತ್ತಾರೆ. ಆ ಸಂಜೆ ಸೊಪ್ಪಿನ ಬರಲು ಹಿಡಿದು ಸುತ್ತ ಕಾಯುತ್ತಿದ್ದವರು ಯಾರು, ನಾವೇ ಅಲ್ವಾ?

ಬೂದಿ ಆರಿದ ಮೇಲೆ ಮಳೆಗೆ ಕಾಯಬೇಕು. ನಾನು ಕೆಟ್ಟಿದ್ದು ಇಲ್ಲೇ. ಅಪ್ಪ ಜ್ವರ ಬಂದು ಮಲಗಿದ್ದ ವರ್ಷ, ಒಂದು ಹದ ಮಳೆ ಬಿದ್ದದ್ದೇ ರಾಗಿ ಚೆಲ್ಲಿಬಿಟ್ಟೆ. ಆಮೇಲೆ ಹದಿನೈದು ದಿನ ಹನಿ ಇಲ್ಲ. ಅರ್ಧ ಬೀಜ ಇರುವೆ ಹೊತ್ತವು, ಮೊಳೆತದ್ದು ಒಣಗಿತು. ಪಕ್ಕದ ಪೋಡಿನಿಂದ, ಅಂದರೆ ನಮ್ಮವರದೇ ಇನ್ನೊಂದು ಹಾಡಿಯಿಂದ, ಬೀಜ ಸಾಲ ತಂದು ಮತ್ತೆ ಚೆಲ್ಲಿದೆವು. ಗುದ್ದಲಿಯಿಂದ ನೆಲವನ್ನು ಕೆರೆದು ಬೀಜ ಮುಚ್ಚಿದರೆ ಸಾಕು, ಆಳ ಅಗೆಯಬಾರದು. ಮಧ್ಯೆ ಮಧ್ಯೆ ಅವರೆ, ಸಾಸಿವೆ, ಜೋಳ, ಅಂಚಿಗೆ ಕುಂಬಳ.

ತೆನೆ ಬಂದ ಮೇಲೆ ನಿದ್ದೆ ಇಲ್ಲ. ಅಟ್ಟಣೆ ಮೇಲೆ ಕೂತು ಆನೆ, ಹಂದಿ ಕಾಯಬೇಕು. ಅಷ್ಟಾದರೂ ಹಂದಿ ಪಾಲು ಹಂದಿಗೆ ಹೋಗುತ್ತಿತ್ತು.

ಮೊದಲ ವರ್ಷ ಕಳೆ ಕಡಿಮೆ. ಎರಡನೇ ವರ್ಷ ಜಾಸ್ತಿ. ಮೂರನೇ ವರ್ಷ ರಾಗಿಗಿಂತ ಹುಲ್ಲೇ ಎತ್ತರ. ಬೂದಿಯ ಕಸುವೂ ಇಳಿದಿರುತ್ತದೆ. ಆದರೆ ನಮ್ಮನ್ನು ಜಾಗ ಬಿಡಿಸುತ್ತಿದ್ದದ್ದು ಹೆಚ್ಚಾಗಿ ಕಳೆಯೇ.

ಈಗ ಮನೆ ಹಿಂದೆ ಒಂದಿಷ್ಟು ಕಾಫಿ ಇದೆ. ಹೋದ ವರ್ಷ ಮೊಮ್ಮಗನಿಗೆ ಹಳೆಯ ಕೊತ್ತುಕಾಡು ತೋರಿಸೋಣ ಅಂತ ಹೊರಟೆ. ದಾರಿಯೆಲ್ಲ ಲಂಟಾನದ ಮುಳ್ಳುಪೊದೆ. ಬಗ್ಗಿ, ತೆವಳಿ ಅವನೊಬ್ಬ ಒಳಗೆ ಹೋದ. "ತಾತ, ಇಲ್ಲೊಂದು ಮತ್ತಿ ಮರ, ನನ್ನ ಸೊಂಟದ ಹತ್ತಿರ ಮೂರು ಕವಲಾಗಿದೆ" ಅಂತ ಅಲ್ಲಿಂದಲೇ ಕೂಗಿದ.