ಹಡಗಿನಿಂದ ಇಳಿದು ಊರು ನೋಡುವುದು: ಮಂಡಿನೋವು, ವಾಕರ್, ವೀಲ್‌ಚೇರ್ ಇದ್ದವರಿಗೆ ನಾನು ಟೂರ್ ಆರಿಸುವ ಬಗೆ

ದಾವಣಗೆರೆ ಕಡೆಯಿಂದ ಕ್ರೂಸ್‌ಗೆ ಹೊರಡುವವರಲ್ಲಿ ಹೆಚ್ಚಿನವರು ವಯಸ್ಸಾದ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವವರು. ಕ್ಯಾಬಿನ್ ಬುಕ್ ಆದ ಮೇಲೆ ಶೋರ್ ಎಕ್ಸ್‌ಕರ್ಷನ್, ಅಂದರೆ ಹಡಗಿನಿಂದ ಇಳಿದು ಊರು ನೋಡುವ ಟೂರ್‌ಗಳ ಪಟ್ಟಿ ಬರುತ್ತದೆ, ಎಲ್ಲರೂ ಫೋಟೋ ನೋಡಿ ಬೆರಳು ತೋರಿಸುತ್ತಾರೆ. ಯಾವ ಊರು ಎನ್ನುವುದಕ್ಕೆ ಮೊದಲೇ ನಾನು ನೋಡುವುದು ಹಡಗು ಎಲ್ಲಿ ನಿಲ್ಲುತ್ತದೆ ಅಂತ. ಬಂದರಿನ ಕಟ್ಟೆಗೆ ತಾಗಿ ನಿಂತರೆ ಅರ್ಧ ಚಿಂತೆ ಕಳೆಯಿತು. ಕೊಚ್ಚಿ, ಗೋವಾದ ಮುರ್ಮಗೋವಾ, ಪೆನಾಂಗ್‌ನ ಸ್ವೆಟನ್‌ಹ್ಯಾಮ್ ಪಿಯರ್ ಇಂಥವು. ಲಕ್ಷದ್ವೀಪದ ಅಗತ್ತಿ, ಗ್ರೀಸಿನ ಸ್ಯಾಂಟೊರಿನಿಯಲ್ಲಿ ದೊಡ್ಡ ಹಡಗು ದೂರದಲ್ಲೇ ಲಂಗರು ಹಾಕುತ್ತದೆ. ಅಲ್ಲಿಂದ ದಡಕ್ಕೆ ಸಣ್ಣ ದೋಣಿ. ಇದಕ್ಕೆ ಟೆಂಡರ್ ಎನ್ನುತ್ತಾರೆ.

ಟೆಂಡರ್ ಹತ್ತುವ ಆ ಒಂದು ಹೆಜ್ಜೆಯಲ್ಲೇ ಕಷ್ಟವೆಲ್ಲ ಇರುವುದು. ಹಡಗಿನ ಬದಿಯ ವೇದಿಕೆ ಒಂದು ಮಟ್ಟದಲ್ಲಿದ್ದರೆ, ಅಲೆಗೆ ದೋಣಿ ಏಳುತ್ತ ಇಳಿಯುತ್ತ ಇರುತ್ತದೆ. ಎರಡೂ ಸಮ ಬಂದ ಕ್ಷಣ ಸಿಬ್ಬಂದಿ "ಈಗ" ಎನ್ನುತ್ತಾರೆ, ಆಗಲೇ ಕಾಲಿಡಬೇಕು. ಅವರು ಎರಡೂ ತೋಳು ಹಿಡಿಯುತ್ತಾರೆ, ಆದರೆ ಸಾಮಾನ್ಯವಾಗಿ ಎತ್ತಿ ಕೂರಿಸುವುದಿಲ್ಲ. ಮಡಚುವ ವೀಲ್‌ಚೇರನ್ನು ಬೇರೆಯಾಗಿ ದಾಟಿಸಿ ಕೊಡುತ್ತಾರೆ. ಬ್ಯಾಟರಿಯ ಭಾರದ ಕುರ್ಚಿ, ಸ್ಕೂಟರ್ ಹೆಚ್ಚಿನ ಕಡೆ ಒಯ್ಯಲು ಬಿಡುವುದಿಲ್ಲ. ಸಮುದ್ರ ಜೋರಿದ್ದರೆ ಟೆಂಡರೇ ರದ್ದು, ಹಾಗಾಗಿ ಇಂಥ ಊರಿನಲ್ಲಿ ಹೊರಗಿನ ಗೈಡಿಗೆ ಮುಂಗಡ ಪೂರ್ತಿ ಕಟ್ಟಬೇಡಿ. ಕಟ್ಟೆಗೆ ತಾಗಿ ನಿಂತ ಹಡಗಿನಲ್ಲೂ ಇಳಿಯುವ ಹಲಗೆದಾರಿ (ಗ್ಯಾಂಗ್‌ವೇ) ಉಬ್ಬರ-ಇಳಿತಕ್ಕೆ ತಕ್ಕಂತೆ ಕಡಿದಾಗುತ್ತದೆ. ಬೆಳಿಗ್ಗೆ ಸಲೀಸಾಗಿ ಇಳಿದವರಿಗೆ ಸಂಜೆ ಅದೇ ಏರು ಆಗಬಹುದು.

ಹೊರಡುವ ಮೊದಲು ಊರಲ್ಲೇ ಮೂರು ಪರೀಕ್ಷೆ ಮಾಡಿಸುತ್ತೇನೆ. ಕೆಎಸ್‌ಆರ್‌ಟಿಸಿ ಕೆಂಪು ಬಸ್ಸಿನ ಮೊದಲ ಮೆಟ್ಟಿಲನ್ನು ಕಂಬಿ ಹಿಡಿದು ತಾವೇ ಹತ್ತುತ್ತಾರೆಯೇ? ಟೂರ್ ಕೋಚ್ ಮೆಟ್ಟಿಲೂ ಹೆಚ್ಚುಕಮ್ಮಿ ಅಷ್ಟೇ ಎತ್ತರ. ಕುಂದವಾಡ ಕೆರೆ ಏರಿ ಮೇಲೆ ಇಪ್ಪತ್ತು ನಿಮಿಷ ಕೂರದೆ ನಡೆಯುತ್ತಾರೆಯೇ? ಹದಿನೈದು ನಿಮಿಷ ನಿಂತೇ ಇರುತ್ತಾರೆಯೇ? ಮೂರನೆಯದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮಂಡಿ ಸವೆದ ಎಷ್ಟೋ ಜನರಿಗೆ ನಡೆಯುವುದಕ್ಕಿಂತ ನಿಲ್ಲುವುದೇ ಯಾತನೆ, ಕ್ರೂಸ್‌ನಲ್ಲಿ ಇಮಿಗ್ರೇಷನ್ನಿಗೂ ಬಸ್ಸಿಗೂ ಸಾಲು ತಪ್ಪಿದ್ದಲ್ಲ.

ಪಟ್ಟಿಯಲ್ಲಿ ಈಸಿ (ಸುಲಭ), ಮಾಡರೇಟ್ (ಮಧ್ಯಮ), ಸ್ಟ್ರೆನ್ಯುಯಸ್ (ತುಂಬ ಶ್ರಮದ್ದು) ಅಂತ ಗುರುತು ಇರುತ್ತದೆ. ಕಂಪನಿಯಿಂದ ಕಂಪನಿಗೆ ಇದು ಬದಲಾಗುತ್ತದೆ. ಮಾಡರೇಟ್ ಎಂದರೆ ಚಿತ್ರದುರ್ಗದ ಕೋಟೆಯಲ್ಲಿ ಏಕನಾಥೇಶ್ವರಿ ಗುಡಿಯವರೆಗೆ ಹೋಗಿ ಬಂದಷ್ಟು ಅಂತ ಇಟ್ಟುಕೊಂಡರೆ ಮೋಸವಿಲ್ಲ. ಗುರುತನ್ನು ನಂಬಿ ಕೂರದೆ ಟೂರ್ ಡೆಸ್ಕಿಗೆ ಇಮೇಲ್‌ನಲ್ಲಿ ಕೇಳುತ್ತೇನೆ: ಒಟ್ಟು ಮೆಟ್ಟಿಲೆಷ್ಟು, ಕಂಬಿ ಇದೆಯೇ, ಬಸ್ ನಿಲ್ಲುವಲ್ಲಿಂದ ನೋಡುವ ಜಾಗಕ್ಕೆ ಎಷ್ಟು ಮೀಟರ್, ಎಷ್ಟು ಹೊತ್ತಿಗೊಮ್ಮೆ ಶೌಚಾಲಯ, ಇಳಿಯದವರು ಏಸಿ ಹಾಕಿದ ಬಸ್ಸಿನಲ್ಲೇ ಕೂರಬಹುದೇ. "ವೀಲ್‌ಚೇರ್ ಫ್ರೆಂಡ್ಲಿ" ಎಂಬ ಮಾತಿಗೆ ಸೋಲಬೇಡಿ. ಎಷ್ಟೋ ಸಲ ಅದರರ್ಥ ಇಷ್ಟೇ: ಕುರ್ಚಿ ಬಸ್ಸಿನ ಹೊಟ್ಟೆಗೆ, ನೀವು ಮೆಟ್ಟಿಲು ಹತ್ತಿ ಸೀಟಿಗೆ. ಲಿಫ್ಟ್ ಇರುವ ಬಸ್ಸೇ ಬೇಕಾದರೆ ಬುಕ್ ಮಾಡುವಾಗಲೇ ಬರೆದು ತಿಳಿಸಬೇಕು, ಎಲ್ಲ ಬಂದರಿನಲ್ಲೂ ಅದು ಸಿಗುವುದಿಲ್ಲ.

ಮಲೇಷ್ಯಾದ ಬಾತು ಕೇವ್ಸ್ ನಮ್ಮವರೆಲ್ಲ ಕೇಳುವ ಜಾಗ. ಸುಬ್ರಹ್ಮಣ್ಯನ ಗುಹೆಗೆ 272 ಕಡಿದಾದ ಮೆಟ್ಟಿಲು. ಹತ್ತಲಾಗದವರು 2006ರಲ್ಲಿ ನಿಂತ ಆ ಚಿನ್ನದ ಬಣ್ಣದ ಮೂರ್ತಿಯನ್ನು ಕೆಳಗಿನಿಂದಲೇ ನೋಡಿ ಕೈಮುಗಿಯಬಹುದು, ನನ್ನ ಪ್ರಕಾರ ಅಷ್ಟು ಸಾಕು. ಆದರೆ ಹಡಗು ನಿಲ್ಲುವುದು ಪೋರ್ಟ್ ಕ್ಲಾಂಗ್‌ನಲ್ಲಿ. ಅಲ್ಲಿಂದ ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ ಹಿಡಿಯಿರಿ. ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ನಿಲ್ಲುತ್ತದೆ ಎಂದಿಟ್ಟುಕೊಳ್ಳಿ: ಇಳಿಯಲು ಒಂದು ಗಂಟೆ ಹೋಯಿತು, ಹೊರಡುವ ಒಂದು ಗಂಟೆ ಮೊದಲು ವಾಪಸ್ ಇರಬೇಕು, ದಾರಿಗೆ ಮೂರು ಗಂಟೆ. ಒಂಬತ್ತರಲ್ಲಿ ಉಳಿದದ್ದು ನಾಲ್ಕು, ಅದರಲ್ಲೇ ಊಟವೂ ಆಗಬೇಕು.

ಪೆನಾಂಗ್ ಇದಕ್ಕಿಂತ ಸುಲಭ. ಇಳಿದರೆ ಜಾರ್ಜ್‌ಟೌನೇ, ಲಿಟಲ್ ಇಂಡಿಯಾ ಹತ್ತಿರ, ಸಸ್ಯಾಹಾರಕ್ಕೂ ಪರದಾಟವಿಲ್ಲ. ಆದರೆ ಅಂಗಡಿ ಮುಂದಿನ ಪಡಸಾಲೆ ಅಂಗಡಿಗೊಂದು ಮಟ್ಟ, ನಡುವೆ ಮೆಟ್ಟಿಲು, ಪಕ್ಕದಲ್ಲಿ ಆಳದ ಚರಂಡಿ. ಕುರ್ಚಿ ತಳ್ಳುವವರು ಎಷ್ಟೋ ಕಡೆ ರಸ್ತೆಗೇ ಇಳಿಯಬೇಕಾಗುತ್ತದೆ. ಕೊಚ್ಚಿಯಲ್ಲಿ ಮಟ್ಟಂಚೇರಿ ಅರಮನೆಯ ಭಿತ್ತಿಚಿತ್ರ ನೋಡಲು ಮಹಡಿ ಹತ್ತಬೇಕು, ಅದನ್ನು ಬಿಟ್ಟು ಚೀನೀ ಮೀನುಬಲೆಗಳ ಕಡೆ ಹೋಗುವವರಿಗೆ ತೊಂದರೆ ಕಡಿಮೆ.

ಕಂಪನಿಯ ಟೂರೋ, ಸ್ವಂತ ಕ್ಯಾಬೋ? ಕಂಪನಿಯ ಬಸ್ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ, ನಿಮ್ಮ ಕ್ಯಾಬ್ ತಡವಾದರೆ ಇಲ್ಲ. ಬಂದರಿನಿಂದ ಒಂದು ಗಂಟೆ ದಾಟುವ ಜಾಗಕ್ಕೆ ಕಂಪನಿ ಟೂರ್, ಹತ್ತಿರಕ್ಕೆ ಕ್ಯಾಬ್ ಅಂತ ನಾನು ಗೆರೆ ಎಳೆದುಕೊಂಡಿದ್ದೇನೆ. ನಾಲ್ವರಿದ್ದರೆ ಕ್ಯಾಬ್ ಅಗ್ಗವೂ ಬೀಳಬಹುದು, ಬೇಕಾದಲ್ಲಿ ನಿಲ್ಲಿಸಲೂಬಹುದು. ನಮ್ಮ ದೇಶದ ಬಂದರುಗಳಲ್ಲಿ ಕ್ಯಾಬ್ ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇದೆಯೇ ಎಂದು ಫೋನಿನಲ್ಲೇ ಕೇಳಿ. ಇದ್ದರೆ ಸಾಮಾನ್ಯವಾಗಿ ವೀಲ್‌ಚೇರ್ ಕೂರುವುದಿಲ್ಲ.

ಹಡಗಿನ ವೀಲ್‌ಚೇರ್ ಸಾಮಾನ್ಯವಾಗಿ ಹತ್ತಿ-ಇಳಿಯಲು ಮಾತ್ರ, ಊರು ಸುತ್ತಲು ಕೊಡುವುದಿಲ್ಲ. ಸ್ವಂತದ್ದು ಒಯ್ಯಿರಿ. ಸಣ್ಣ ಚಕ್ರದ ಹಗುರ ಕುರ್ಚಿ ಡಿಕ್ಕಿಗೆ ಸಲೀಸು, ಆದರೆ ಕಲ್ಲುಹಾಸಿನ ಮೇಲೆ ಮುಂದಿನ ಚಕ್ರ ಸಿಕ್ಕಿಕೊಂಡು ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಅಂಥ ಕಡೆ ಹಿಂದುಹಿಂದಾಗಿ ಎಳೆದುಕೊಂಡು ಹೋಗಿ.

ಬೆಳಿಗ್ಗೆ ಮೂತ್ರ ಹೋಗಿಸುವ ಮಾತ್ರೆ ತೆಗೆದುಕೊಳ್ಳುವವರು ಟೂರ್ ದಿನ ಯಾವಾಗ ತೆಗೆದುಕೊಳ್ಳಬೇಕು ಅಂತ ಹೊರಡುವ ಮೊದಲೇ ಡಾಕ್ಟರನ್ನು ಕೇಳಿರಲಿ. ಹಡಗಿನ ಗಡಿಯಾರ ಊರಿನ ಗಡಿಯಾರಕ್ಕೆ ಹೊಂದದಿರಬಹುದು. ಮೊಬೈಲ್ ತಾನೇ ಸಮಯ ಬದಲಿಸಿಕೊಳ್ಳುವುದರಿಂದ ಕೈಗಡಿಯಾರವನ್ನು ಹಡಗಿನ ಸಮಯಕ್ಕಿಟ್ಟು ಇಳಿಯಿರಿ. ದಿನದ ಕಾರ್ಯಕ್ರಮದ ಹಾಳೆಯಲ್ಲಿ ಬಂದರು ಏಜೆಂಟರ (ಆ ಊರಿನಲ್ಲಿ ಹಡಗಿನ ಕಂಪನಿಯ ಪರವಾಗಿ ಕೆಲಸ ನೋಡುವವರ) ಫೋನ್ ನಂಬರ್ ಅಚ್ಚಾಗಿದ್ದರೆ ಅದರ ಫೋಟೋ ಎಲ್ಲರ ಮೊಬೈಲಿನಲ್ಲೂ ಇರಲಿ.