ಹಳೆಯ ಕಾರಿನ ಬ್ಯಾಟರಿ ಕೇಬಲ್ ಬದಲಿಸುವ ಕ್ರಮ

ಕೀಲಿ ತಿರುಗಿಸಿದಾಗ ಸೆಲ್ಫ್ ಮೋಟಾರು ಸೋತಂತೆ ತಿರುಗಿದರೆ, ಇಲ್ಲವೇ ಬರೀ ‘ಟಕ್’ ಎಂದು ನಿಂತುಬಿಟ್ಟರೆ, ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಮೊದಲು ಸಿಗುವ ಸಲಹೆ ಬ್ಯಾಟರಿ ಬದಲಿಸಿ ಎಂಬುದು. ಆದರೆ ಹಳೆಯ ಮಾರುತಿ 800, ಅಂಬಾಸಿಡರ್, ಪದ್ಮಿನಿಗಳಲ್ಲಿ ದೋಷವು ಬ್ಯಾಟರಿಯಿಂದ ಹೊರಡುವ ದಪ್ಪ ಕೇಬಲ್‌ಗಳಲ್ಲಿ, ಅದರಲ್ಲೂ ಬ್ಯಾಟರಿಯನ್ನು ಕಾರಿನ ಬಾಡಿ, ಎಂಜಿನ್ನುಗಳ ಲೋಹಕ್ಕೆ ಸೇರಿಸುವ, ಯಾರೂ ಬಗ್ಗಿ ನೋಡದ ಅರ್ಥಿಂಗ್ ಕೇಬಲ್‌ನಲ್ಲಿ ಇರುವುದುಂಟು. ಆ್ಯಸಿಡ್ಡಿನ ಆವಿ ಬ್ಯಾಟರಿಯ ಕಂಬವನ್ನು ಹಿಡಿಯುವ ಕ್ಲಾಂಪಿನ ಬುಡದಿಂದ ಒಳಗಿಳಿದು ತಾಮ್ರದ ಎಳೆಗಳನ್ನು ಹಸಿರುಗಟ್ಟಿಸುತ್ತದೆ. ಎಂಜಿನ್ನಿನ ಶಾಖದ ಜೊತೆಗೆ ನಮ್ಮ ಏಪ್ರಿಲ್ ಬಿಸಿಲೂ ಸೇರಿ ಮೇಲಿನ ಹೊದಿಕೆ ಒಣಗಿ ಬಿರಿಯುತ್ತದೆ.

ಆದ್ದರಿಂದ ಹಣ ಖರ್ಚು ಮಾಡುವ ಮೊದಲು ಮಲ್ಟಿಮೀಟರ್ ಹಿಡಿಯಬೇಕು. ಗೇರನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಇರುವ ಪೆಟ್ರೋಲ್ ಕಾರಾದರೆ, ಎಂಜಿನ್ ಹತ್ತದಂತೆ, ಕಿಡಿ ಹುಟ್ಟಿಸುವ ಕಾಯಿಲ್‌ನಿಂದ ಅದರ ನಡುವಿಗೆ ಬರುವ ವೈರನ್ನು ಬಿಡಿಸಿ ಎಂಜಿನ್ನಿನ ಲೋಹಕ್ಕೆ ತಾಗುವಂತೆ ಕಟ್ಟಿರಿ. ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಪಾಸಿಟಿವ್ ಕಂಬದ ಮೇಲೆ, ಅಂದರೆ ಕ್ಲಾಂಪಿನ ಮೇಲಲ್ಲದೆ ಸೀಸದ ಮೇಲೆಯೇ ಇಟ್ಟು, ಇನ್ನೊಂದನ್ನು ಸೆಲ್ಫ್ ಮೋಟಾರಿನ ದಪ್ಪ ಬೋಲ್ಟಿಗೆ ತಾಗಿಸಿ, ಮತ್ತೊಬ್ಬರಿಂದ ಮೂರ್ನಾಲ್ಕು ಸೆಕೆಂಡು ಸೆಲ್ಫ್ ಹೊಡೆಸಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ದಾರಿ ಕೆಟ್ಟಿದೆ. ನೆಗೆಟಿವ್ ಕಂಬಕ್ಕೂ ಎಂಜಿನ್ನಿನ ಬರಿ ಲೋಹಕ್ಕೂ ನಡುವೆ ಇದೇ ರೀತಿ ಅಳೆದಾಗ 0.2 ರಿಂದ 0.3 ವೋಲ್ಟಿನೊಳಗೆ ಇರಬೇಕು. ಸೆಲ್ಫ್ ಹೊಡೆಯುವಾಗ ಸಣ್ಣ ಎಂಜಿನ್ನೂ 100 ಆಂಪಿಯರ್ ಎಳೆಯಬಲ್ಲದು. ದಾರಿಯಲ್ಲಿ ಓಮಿನ ನೂರನೇ ಒಂದು ಭಾಗದಷ್ಟು ತಡೆಯಿದ್ದರೂ 1 ವೋಲ್ಟ್ ಅಲ್ಲೇ ನಷ್ಟವಾಗುತ್ತದೆ. ಸುಮ್ಮನೆ ನಿಂತ ಕಾರಿನಲ್ಲಿ ಅಳೆದರೆ ಈ ನಷ್ಟ ಕಾಣುವುದೇ ಇಲ್ಲ.

ಹೊಸ ಕೇಬಲ್ ಆರಿಸುವುದೇ ಈ ಕೆಲಸದ ಮುಖ್ಯ ಭಾಗ. ಸಣ್ಣ ಪೆಟ್ರೋಲ್ ಕಾರಿಗೆ 25 ಚದರ ಮಿ.ಮೀ. ತಾಮ್ರದ ಕೇಬಲ್ ಸಾಕು. ಡೀಸೆಲ್ ಎಂಜಿನ್ನಿಗೆ 35 ಅಥವಾ ಅದಕ್ಕಿಂತ ದಪ್ಪನೆಯದು ಬೇಕು. ಬೋರ್‌ವೆಲ್‌ಗಳ ಈ ಸೀಮೆಯಲ್ಲಿ ಸಬ್‌ಮರ್ಸಿಬಲ್ ಪಂಪಿನ ಕೇಬಲ್ ತುಂಡು ಮನೆಯ ಮೂಲೆಯಲ್ಲಿ ಬಿದ್ದಿರುವುದರಿಂದ ಅದನ್ನೇ ಹಾಕಿಬಿಡುವ ಆಸೆ ಹುಟ್ಟುವುದು ಸಹಜ. ಆದರೆ 6 ಚದರ ಮಿ.ಮೀ. ಎಳೆಯೊಂದರಲ್ಲಿ 100 ಆಂಪಿಯರ್ ಹರಿದರೆ ಮೀಟರಿಗೆ ಸುಮಾರು 0.29 ವೋಲ್ಟ್ ನಷ್ಟ. 25ರ ಕೇಬಲ್‌ನಲ್ಲಿ ಅದು 0.07 ಮಾತ್ರ. ಸಣ್ಣ ಎಳೆಗಳ ವೆಲ್ಡಿಂಗ್ ಕೇಬಲ್ ಚೆನ್ನಾಗಿ ಬಾಗುತ್ತದೆ, ಬಳಸಬಹುದು. ಆದರೆ ತಾಮ್ರದ ಲೇಪವಿರುವ ಅಲ್ಯೂಮಿನಿಯಂ ಕೇಬಲ್ಲೂ ಮಾರಾಟವಾಗುವುದರಿಂದ, ಒಂದು ಎಳೆಯನ್ನು ಚಾಕುವಿನಿಂದ ಕೆರೆದು ಒಳಗೆ ಬೆಳ್ಳಗಿಲ್ಲ ಎಂದು ಖಚಿತಪಡಿಸಿಕೊಂಡೇ ಕೊಳ್ಳಿರಿ. ಬೋಲ್ಟಿಗೆ ಕೂರುವ ತುದಿಯ ಲೋಹದ ಬಳೆಗಳಾದ ಲಗ್‌ಗಳನ್ನು ಆಟೋ ಎಲೆಕ್ಟ್ರಿಷಿಯನ್ ಬಳಿ ಕ್ರಿಂಪಿಂಗ್ ಯಂತ್ರದಲ್ಲಿ ಒತ್ತಿಸುವುದೇ ಲೇಸು. ಸುತ್ತಿಗೆಯಿಂದ ಚಪ್ಪಟೆ ಮಾಡಿದ ಲಗ್ ಅಲುಗಾಟಕ್ಕೆ ಸಡಿಲವಾಗುತ್ತದೆ. ಪಾಸಿಟಿವ್ ಕಂಬ ನೆಗೆಟಿವ್‌ಗಿಂತ ದಪ್ಪವಿರುವುದರಿಂದ, ಮತ್ತು ಸಣ್ಣ ಕಾರುಗಳ ಬ್ಯಾಟರಿಗಳಲ್ಲಿ ತೆಳುಕಂಬದವೂ ಇರುವುದರಿಂದ, ಹಳೆಯ ಕ್ಲಾಂಪನ್ನು ಅಂಗಡಿಗೆ ಒಯ್ದು ಹೋಲಿಸಿ ತನ್ನಿರಿ. ಕೇಬಲ್‌ನ ಉದ್ದವನ್ನು ಹಳೆಯದರ ದಾರಿಯಲ್ಲೇ ದಾರ ಹಿಡಿದು ಅಳೆದು, ಎಂಜಿನ್ ಅಲುಗಾಡುವುದಕ್ಕೆ ತುಸು ಹೆಚ್ಚು ಬಿಡಬೇಕು.

ಬಿಚ್ಚುವಾಗ ಉಂಗುರ, ಗಡಿಯಾರ ತೆಗೆದಿಡಿ. ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುವುದರಿಂದ ಬೀಡಿ, ಬೆಂಕಿಕಡ್ಡಿ ಹತ್ತಿರ ಬೇಡ. ಮೊದಲು ಬಿಚ್ಚಬೇಕಾದದ್ದು ಅರ್ಥಿಂಗ್ ತುದಿ, ಕೊನೆಗೆ ಜೋಡಿಸಬೇಕಾದದ್ದೂ ಅದೇ. ಈ ಕ್ರಮ ಪಾಲಿಸಿದರೆ ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಯ ತಗಡಿಗೆ ತಾಗಿದರೂ ಕಿಡಿ ಹಾರದು. ಸಾಮಾನ್ಯವಾಗಿ ಅರ್ಥಿಂಗ್ ಎಂದರೆ ನೆಗೆಟಿವ್; ಬ್ರಿಟಿಷ್ ವಿನ್ಯಾಸದ ಬಹಳ ಹಳೆಯ ಕೆಲವು ಕಾರುಗಳಲ್ಲಿ ಪಾಸಿಟಿವ್ ಬಾಡಿಗೆ ಸೇರಿರುತ್ತದೆಯಾದ್ದರಿಂದ ಕಣ್ಣಿನಿಂದ ನೋಡಿ ಖಚಿತಪಡಿಸಿಕೊಳ್ಳಿರಿ. ಕಚ್ಚಿಕೊಂಡ ಕ್ಲಾಂಪನ್ನು ಬಡಿದು ಬಿಡಿಸಬಾರದು, ಕಂಬದ ಬುಡ ಬಿರಿಯುತ್ತದೆ. ಕಂಬ, ಕ್ಲಾಂಪುಗಳ ಮೇಲೆ ಕೂತ ಬಿಳಿ ಪುಡಿಗೆ ಅಡಿಗೆ ಸೋಡಾ ಕಲಸಿದ ನೀರು ಹಾಕಿ ತೊಳೆಯಬೇಕು; ಆ ನೀರು ಮಾತ್ರ ಬ್ಯಾಟರಿಯ ಮುಚ್ಚಳದೊಳಗೆ ಇಳಿಯಬಾರದು.

ಅರ್ಥಿಂಗ್ ಕೇಬಲ್ ಬಾಡಿಗೂ ಗೇರ್‌ಬಾಕ್ಸಿಗೂ ಕೂರುವ ಜಾಗಗಳಲ್ಲಿ ಬಣ್ಣ, ತುಕ್ಕು ಹೋಗಿ ಲೋಹ ಹೊಳೆಯುವವರೆಗೆ ಎಮರಿ ಕಾಗದದಿಂದ ಉಜ್ಜಿರಿ. ಇದನ್ನು ಬಿಟ್ಟು ಎಷ್ಟು ದುಬಾರಿ ಕೇಬಲ್ ಹಾಕಿದರೂ ಪ್ರಯೋಜನವಿಲ್ಲ. ಸೆಲ್ಫ್ ಮೋಟಾರಿನ ಬೋಲ್ಟಿನಲ್ಲಿ ದಪ್ಪ ಕೇಬಲ್ ಜೊತೆಗೆ ಬೇರೆ ತೆಳು ವೈರುಗಳೂ ಇರಬಹುದು. ಬಿಚ್ಚುವ ಮೊದಲೇ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟರೆ ಯಾವುದೂ ಉಳಿದುಹೋಗದು. ಈ ಪಾಸಿಟಿವ್ ಕೇಬಲ್‌ಗೆ ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲ. ಹೊದಿಕೆ ಎಲ್ಲಾದರೂ ತಗಡಿಗೆ ಉಜ್ಜಿ ಹರಿದರೆ ಬೆಂಕಿಯೇ ಹತ್ತಬಹುದು. ಸೈಲೆನ್ಸರ್ ಕೊಳವೆಯಿಂದ ದೂರವಿಟ್ಟು, ತಗಡಿನ ತೂತು ದಾಟುವಲ್ಲಿ ರಬ್ಬರ್ ಬಳೆ ಹಾಕಿ, ಅಲ್ಲಲ್ಲಿ ಕ್ಲಿಪ್ಪಿನಿಂದ ಕಟ್ಟಿರಿ. ಎಲ್ಲ ಬಿಗಿದ ಮೇಲೆ ಕಂಬಗಳಿಗೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಬಹುದು. ಬಿಗಿಯುವ ಮೊದಲೇ ದಪ್ಪನಾಗಿ ಮೆತ್ತುವ ರೂಢಿಯನ್ನು ನಾನು ಒಪ್ಪುವುದಿಲ್ಲ.

ಮತ್ತೆ ಅದೇ ಎರಡು ಅಳತೆ ತೆಗೆದು, ಕಾಯಿಲ್ ವೈರನ್ನು ಅದರ ಜಾಗಕ್ಕೆ ಸೇರಿಸಿ, ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸುಮಾರು 13.8 ರಿಂದ 14.4 ವೋಲ್ಟ್ ಇದೆಯೇ ನೋಡಿರಿ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಒಮ್ಮೆ ಹೋಗಿಬಂದ ಮೇಲೆ ಎಲ್ಲ ನಟ್ಟುಗಳನ್ನೂ ಸ್ಪ್ಯಾನರ್ ಹಾಕಿ ಪರೀಕ್ಷಿಸಿ, ಕ್ಲಾಂಪನ್ನು ಕೈಯಿಂದ ತಿರುಗಿಸಿದರೆ ಅಲುಗದಷ್ಟು ಬಿಗಿಯಿರಿ.