ಒಸಾಕಾಗೆ ಹೊಸದಾಗಿ ಬಂದವರಿಗೆ: ತ್ಸುರುಹಾಶಿಯ ಕೊರಿಯನ್ನರ ಬಗ್ಗೆ

ಒಸಾಕಾಗೆ ಬಂದ ನಮ್ಮವರು ಖಾರದಪುಡಿ ಹುಡುಕುತ್ತಾ ಇವತ್ತಲ್ಲ ನಾಳೆ ತ್ಸುರುಹಾಶಿ ಮಾರ್ಕೆಟ್ಟಿಗೆ ಹೋಗೇ ಹೋಗುತ್ತೀರಿ. ಅಲ್ಲಿಯ ಕೊರಿಯನ್ ಪುಡಿ ಬ್ಯಾಡಗಿಯ ಹಾಗೆ, ಬಣ್ಣ ಜಾಸ್ತಿ, ಖಾರ ಕಮ್ಮಿ. ಅಂಗಡಿಯ ಅಜ್ಜಿಯನ್ನು "ಜಪಾನಿಗೆ ಬಂದು ಎಷ್ಟು ವರ್ಷ ಆಯ್ತು?" ಎಂದು ಮಾತ್ರ ಕೇಳಬೇಡಿ. ಊರು ಕೇಳಿಯೇ ಮಾತು ಶುರು ಮಾಡುವ ಅಭ್ಯಾಸ ನಮ್ಮದು, ಗೊತ್ತು. ಆದರೆ ಆಕೆ ಹುಟ್ಟಿದ್ದೇ ಇಲ್ಲಿರಬಹುದು. ಬಂದವರು ಅಪ್ಪನೋ ತಾತನೋ.

1910ರಿಂದ 1945ರವರೆಗೆ ಕೊರಿಯಾ ಜಪಾನಿನ ವಸಾಹತು. ಕೂಲಿಗೆಂದು ಬಂದವರ ಜೊತೆ ಯುದ್ಧಕಾಲದಲ್ಲಿ ಗಣಿಗಳಿಗೆ ಬಲವಂತವಾಗಿ ಎಳೆದು ತರಲಾದವರೂ ಇದ್ದರು. ಕೊರಿಯಾದ ದಕ್ಷಿಣ ತುದಿಯ ಜೆಜು ದ್ವೀಪದಿಂದ ಒಸಾಕಾಗೆ ನೇರ ಹಡಗಿತ್ತು, ಹಾಗಾಗಿ ತ್ಸುರುಹಾಶಿ ಪಕ್ಕದ ಇಕುನೊ ವಾರ್ಡಿನಲ್ಲಿ ಜೆಜು ಮೂಲದವರೇ ಹೆಚ್ಚು. ಯುದ್ಧ ಮುಗಿದಾಗ ಜಪಾನಿನಲ್ಲಿ ಸುಮಾರು 20 ಲಕ್ಷ ಕೊರಿಯನ್ನರಿದ್ದರು. ಬಹುಪಾಲು ಮಂದಿ ಮರಳಿದರು, ಸುಮಾರು 6 ಲಕ್ಷ ಉಳಿದರು. ಕೊರಿಯಾದಲ್ಲಿ ಕೆಲಸವಿಲ್ಲ, ಜೊತೆಗೆ ಒಯ್ಯುವ ಹಣಕ್ಕೂ ಮಿತಿ. 1948ರಲ್ಲಿ ಜೆಜುವಿನ ದಂಗೆ ಅಡಗಿಸಲು ನಡೆದ ಹತ್ಯಾಕಾಂಡದ ಹೊತ್ತಿಗೆ ಎಷ್ಟೋ ಜನ ಕಳ್ಳದೋಣಿ ಹತ್ತಿ ಈ ಕಡೆಗೇ ಬಂದರು.

ಉಳಿದವರಿಗೆ ನಿಜವಾದ ಪೆಟ್ಟು ಬಿದ್ದದ್ದು 1952ರಲ್ಲಿ. ಯುದ್ಧ ಗೆದ್ದ ದೇಶಗಳ ಜೊತೆ ಜಪಾನ್ ಮಾಡಿಕೊಂಡ ಶಾಂತಿ ಒಪ್ಪಂದ ಜಾರಿಯಾಯಿತು, ವಸಾಹತಿನವರೆಂದು ಇವರಿಗಿದ್ದ ಜಪಾನಿ ಪೌರತ್ವ ಹೋಯಿತು. ಯಾರೂ ಅವರ ಇಷ್ಟ ಕೇಳಲಿಲ್ಲ. ಜಪಾನಿ ಸೈನ್ಯದಲ್ಲಿ ಕಾಲು ಕಳೆದುಕೊಂಡವನಿಗೂ "ನೀನು ವಿದೇಶಿ" ಎಂದು ಪಿಂಚಣಿ ಇಲ್ಲ. ಸರ್ಕಾರಿ ಕೆಲಸವಿಲ್ಲ, ದೊಡ್ಡ ಕಂಪನಿಗಳ ಬಾಗಿಲು ಮುಚ್ಚಿತ್ತು. ಮಾಂಸ ಸುಡುವ ಹೋಟೆಲು, ಪಚಿಂಕೊ ಎಂಬ ಜೂಜಾಟದ ಅಂಗಡಿ, ಗುಜರಿ, ಚಪ್ಪಲಿ ಹೊಲಿಗೆ ಇವೆಲ್ಲ ಅವರ ಕಸುಬಾದದ್ದು ಹೀಗೆ.

ಬಹಳ ಮಂದಿಗೆ ಎರಡೆರಡು ಹೆಸರು, ಮನೆಗೆ ಕೊರಿಯನ್, ಹೊರಗೆ ಜಪಾನಿ. 1970ರಲ್ಲಿ ಪಾಕ್ ಜೊಂಗ್‌ಸೊಕ್ ಎಂಬ ಯುವಕ ಜಪಾನಿ ಹೆಸರಲ್ಲಿ ಅರ್ಜಿ ಹಾಕಿ ಹಿಟಾಚಿಗೆ ಆಯ್ಕೆಯಾದ. ಕೊರಿಯನ್ ಎಂದು ಗೊತ್ತಾದ ಮೇಲೆ ಕಂಪನಿ ಕೆಲಸ ಹಿಂತೆಗೆದುಕೊಂಡಿತು. ಕೋರ್ಟಿಗೆ ಹೋಗಿ 1974ರಲ್ಲಿ ಗೆದ್ದ. ಸಹೋದ್ಯೋಗಿ ಯಾವ ಹೆಸರು ಹೇಳುತ್ತಾರೋ ಅದರಲ್ಲೇ ಕರೆಯಿರಿ. ಇನ್ನೊಂದು ಹೆಸರು ಗೊತ್ತಾದರೂ ಆಫೀಸಿನಲ್ಲಿ ಆಡಬೇಡಿ.

ಸಂಬಳದಲ್ಲಿ ಪಿಂಚಣಿ ಕಡಿತ ನೋಡಿ ಗೊಣಗುತ್ತೀರಲ್ಲ, ರಾಷ್ಟ್ರೀಯ ಪಿಂಚಣಿ ವಿದೇಶಿಯರಿಗೆ ಪೂರ್ತಿ ತೆರೆದದ್ದೇ 1982ರಲ್ಲಿ. ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದಕ್ಕೆ ಜಪಾನ್ ಸೇರಿದ್ದು ನೆಪ. ಅದಕ್ಕೂ ಮುಂಚಿನಿಂದ ಕಚೇರಿ ಕಚೇರಿ ಅಲೆದು ಕೇಳಿದವರು ಈ ಕೊರಿಯನ್ನರು. ಅಷ್ಟು ಹೊತ್ತಿಗೆ ಮುದುಕರಾಗಿದ್ದವರಿಗೆ ಅದೂ ದಕ್ಕಲಿಲ್ಲ, ಇದು ನನಗೆ ಇವತ್ತಿಗೂ ಅನ್ಯಾಯವಾಗಿಯೇ ಕಾಣುತ್ತದೆ. ವಿದೇಶಿಯರ ನೋಂದಣಿಗೆ ಬೆರಳಚ್ಚು ಕೊಡುವುದಿಲ್ಲವೆಂದು 1980ರ ದಶಕದಲ್ಲಿ ಸಾವಿರಾರು ಜನ ಹಟ ಹಿಡಿದರು. 1993ರಲ್ಲಿ ಅವರಿಗೆ ಅದು ತಪ್ಪಿತು.

ಉತ್ತರವೋ ದಕ್ಷಿಣವೋ ಎಂದೂ ಕೆದಕಬೇಡಿ. ಒಂದೇ ಮನೆಯಲ್ಲಿ ಎರಡೂ ಇರುತ್ತವೆ: 1959ರಿಂದ ನೀಗಾಟಾ ಬಂದರಿನಿಂದ ಸುಮಾರು 93,000 ಮಂದಿ ಉತ್ತರ ಕೊರಿಯಾಕ್ಕೆ ಹಡಗು ಹತ್ತಿದರು, ಅವರಲ್ಲಿ ಬಹಳಷ್ಟು ಜನರ ಮೂಲ ಊರು ದಕ್ಷಿಣದಲ್ಲಿತ್ತು. ದಾಖಲೆಯಲ್ಲಿ 'ಚೋಸೆನ್' ಎಂದಿದ್ದರೆ ಅದು ಉತ್ತರ ಕೊರಿಯಾದ ಪೌರತ್ವವಲ್ಲ, ದೇಶ ಎರಡಾಗುವ ಮುಂಚಿನ ಹೆಸರು.

ಹಾಂ, ನಿಮ್ಮ ನಿವಾಸ ಕಾರ್ಡ್ ಸದಾ ಜೇಬಿನಲ್ಲಿರಲಿ. 1991ರ ಕಾನೂನಿನಡಿ ವಿಶೇಷ ಕಾಯಂ ನಿವಾಸಿಗಳಾದ ಅವರಿಗೆ ಈಗ ಆ ಕಡ್ಡಾಯವಿಲ್ಲ, ನಮಗಿದೆ.